ಶಾಸನ ಸಿಕ್ಕಿತು, ಮುಂದೇನು? ಸಂಶೋಧನಾ ಪತ್ರಿಕೆಗೆ ಲೇಖನ ಸಿದ್ಧಪಡಿಸುವ ಬಗೆ

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ರಜಾದಿನ ಬಂದರೆ ಸುತ್ತಾಡುವ ಶಾಸನಾಸಕ್ತರು ಈಗ ಸಾಕಷ್ಟು ಜನ ಇದ್ದಾರೆ. ಕೆರೆ ಏರಿಯ ಮೇಲೋ, ಹೊಲದ ಬದುವಿನಲ್ಲೋ ಒಂದು ಅಕ್ಷರದ ಕಲ್ಲು ಕಾಣುತ್ತೆ. ಫೋಟೊ ತೆಗೆದು ಗ್ರೂಪಿಗೆ ಹಾಕ್ತೀವಿ, ಬಲ್ಲವರು ಯಾರೋ ಓದಿ ಹೇಳ್ತಾರೆ, ಮರುವಾರ ಪೇಪರಿನಲ್ಲಿ "ಅಪ್ರಕಟಿತ ಶಾಸನ ಪತ್ತೆ" ಅಂತ ಸುದ್ದಿ ಬರುತ್ತೆ. ಹೆಚ್ಚಿನ ಸಲ ಕಥೆ ಅಲ್ಲಿಗೇ ಮುಗಿಯುತ್ತೆ.

ಸುದ್ದಿ ಬರುವುದು ತಪ್ಪಲ್ಲ. ಆದರೆ ಸುದ್ದಿಯಲ್ಲಿ ಶಾಸನದ ಪೂರ್ಣ ಪಾಠ ಇರುವುದಿಲ್ಲ, ಕಲ್ಲಿನ ಅಳತೆ ಇರುವುದಿಲ್ಲ, ಓದು ಸರಿಯೇ ಎಂದು ಪರೀಕ್ಷಿಸಲು ಬೇಕಾದ ಚಿತ್ರವೂ ಇರುವುದಿಲ್ಲ. ಹತ್ತು ವರ್ಷ ಬಿಟ್ಟು ಹೋದಾಗ ಕಲ್ಲೇ ಇಲ್ಲದಿದ್ದರೆ? 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ನೆಲ ಎಷ್ಟು ಬೇಗ ಬದಲಾಯಿತು ಎಂಬುದನ್ನು ಎಲ್ಲರೂ ನೋಡಿದ್ದೇವೆ. ಹೊಲ ಲೇಔಟ್ ಆಗುವಾಗ ಬದುವಿನ ಕಲ್ಲನ್ನು ಜೆಸಿಬಿಯವನು ಓದಿ ಪಕ್ಕಕ್ಕಿಡುವುದಿಲ್ಲ. ಅಂಥ ಕಡೆ ನಾವು ಬರೆಯುವ ಐದಾರು ಪುಟದ ಲೇಖನವೇ ಆ ಕಲ್ಲಿನ ಕೊನೆಯ ಸಾಕ್ಷಿ ಆಗಬಹುದು.

ಹಾಗಾಗಿ ಲೇಖನ ಬರೆಯುವಾಗ ಒಂದು ಸೂತ್ರ ಹಿಡಿಯಬೇಕು. ಕಲ್ಲು ಹೇಳಿದ್ದು ಬೇರೆ, ನಾವು ಹೇಳುವುದು ಬೇರೆ. ಎರಡರ ನಡುವಿನ ಗೆರೆ ಓದುಗರಿಗೆ ಸ್ಪಷ್ಟವಾಗಿ ಕಾಣಬೇಕು. ಮುಂದೆ ಹೇಳುವುದೆಲ್ಲ ಈ ಸೂತ್ರದ ವಿವರಣೆಯೇ.

1. ನಿಜಕ್ಕೂ ಅಪ್ರಕಟಿತವೇ?

ಮೊದಲ ಕೆಲಸ ಪುಸ್ತಕದ್ದು. ನಮ್ಮ ಜಿಲ್ಲೆಗೆ ಮೂಲ ಆಕರ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, 1905ರಲ್ಲಿ ಬಂದದ್ದು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇದೆ. ಉದಾಹರಣೆಗೆ ಮಣ್ಣೆಯ ಪ್ರಸಿದ್ಧ ತಾಮ್ರಪಟಗಳು: ಗಂಗ ಮಾರಸಿಂಹನ ಕಾಲದ 797ರದ್ದು ನೆಲಮಂಗಲ 60, ರಾಷ್ಟ್ರಕೂಟರ ಕಾಲದ 802ರದ್ದು ನೆಲಮಂಗಲ 61. ಲೇಖನದಲ್ಲಿ ಉಲ್ಲೇಖಿಸುವಾಗ ಸಂಪುಟ, ತಾಲ್ಲೂಕು, ಸಂಖ್ಯೆ ಮೂರೂ ಕೊಡಬೇಕು.

ಇಲ್ಲಿ ಒಂದು ತೊಡಕಿದೆ. 1905ರ "ಬೆಂಗಳೂರು ಜಿಲ್ಲೆ" ಇವತ್ತಿನ ಮೂರು ಜಿಲ್ಲೆ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಯಿತು, 2007ರಲ್ಲಿ ಅದರಿಂದ ಮಾಗಡಿ, ಚನ್ನಪಟ್ಟಣ, ಕನಕಪುರಗಳು ರಾಮನಗರ ಜಿಲ್ಲೆಗೆ ಹೋದವು. ಗಡಿಯ ಹಳ್ಳಿಗಳಾದರೆ ಅಕ್ಕಪಕ್ಕದ ತಾಲ್ಲೂಕಿನ ಪಟ್ಟಿಯನ್ನೂ, ಕೋಲಾರ ಜಿಲ್ಲೆಯ 10ನೇ ಸಂಪುಟವನ್ನೂ ನೋಡಿ. ಊರು ಬೇಚಿರಾಕ್ ಆಗಿದ್ದರೆ ಶಾಸನ ಆ ಹಳೇ ಊರಿನ ಹೆಸರಲ್ಲೇ ದಾಖಲಾಗಿರಬಹುದು. ಆಮೇಲೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ವಾರ್ಷಿಕ ವರದಿಗಳು, ಗಂಗರ ಶಾಸನವಾದರೆ ಕೆ. ವಿ. ರಮೇಶ್ ಅವರ 1984ರ ಸಂಕಲನ. ಇಷ್ಟನ್ನು ನೋಡದೆ "ಅಪ್ರಕಟಿತ" ಎಂಬ ಪದ ಬಳಸಬೇಡಿ.

ಹುಡುಕಿದಾಗ ಅದು ಮೊದಲೇ ಪ್ರಕಟವಾಗಿದೆ ಅಂತ ಗೊತ್ತಾದರೆ ಬೇಜಾರಾಗಬೇಕಿಲ್ಲ. ಕಲ್ಲನ್ನು 3ಡಿ ಸ್ಕ್ಯಾನ್ ಮಾಡಿ ಓದುವ ಕೆಲಸ ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ನಡೆಯುತ್ತಿದೆ. ಬರಿಗಣ್ಣಿಗೆ ಸವೆದಂತೆ ಕಾಣುವ ಅಕ್ಷರ ಸ್ಕ್ಯಾನಿನ ನೆರಳಿನಲ್ಲಿ ಎದ್ದು ಬರುವುದುಂಟು. ಹಳೆಯ ಪಾಠಕ್ಕಿಂತ ನಾಲ್ಕು ಅಕ್ಷರ ಹೆಚ್ಚು ಓದಲು ಸಾಧ್ಯವಾದರೂ ಅದು ಲೇಖನಕ್ಕೆ ಯೋಗ್ಯ. ಶೀರ್ಷಿಕೆಯಲ್ಲೇ "ಮರು ಓದು" ಎಂದು ಬರೆಯಿರಿ. ಹಳೆಯ ಪಾಠ ಎಲ್ಲಿ, ನಿಮ್ಮ ಪಾಠ ಎಲ್ಲಿ ಭಿನ್ನ ಎಂಬುದನ್ನು ಸಾಲುವಾರು ಪಟ್ಟಿ ಮಾಡಿ.

2. ಸ್ಥಳದ ದಾಖಲೆ

ನನ್ನಂಥ ಎಂಜಿನಿಯರುಗಳಿಗೆ ಇದು ಸುಲಭದ ಭಾಗ. ಆದರೂ ಬಹಳ ಲೇಖನಗಳಲ್ಲಿ ಕೊರತೆ ಕಾಣುವುದು ಇಲ್ಲೇ. ಕಲ್ಲಿನ ಎತ್ತರ, ಅಗಲ, ದಪ್ಪ, ಸಾಲುಗಳ ಸಂಖ್ಯೆ, ಅಕ್ಷರದ ಸರಾಸರಿ ಎತ್ತರ, ಕಲ್ಲು ಮುಖ ಮಾಡಿರುವ ದಿಕ್ಕು, ವೀರಗಲ್ಲಾದರೆ ಪ್ರತಿ ಪಟ್ಟಿಕೆಯ ಶಿಲ್ಪದ ವಿವರ, ಇಷ್ಟು ಬೇಕು. ಜಿಪಿಎಸ್ ಅಂಕಿಯನ್ನು ದಶಮಾಂಶದ ಐದು ಸ್ಥಾನದವರೆಗೆ ಕೊಡಿ. ನಾಲ್ಕು ಸ್ಥಾನ ಅಂದರೆ ಸುಮಾರು 11 ಮೀಟರ್ ಅಂದಾಜು, ಐದು ಅಂದರೆ ಒಂದು ಮೀಟರ್ ಆಸುಪಾಸು. ಪೊದೆ ಬೆಳೆದ ಕೆರೆಯಂಗಳದಲ್ಲಿ ಆ ಹತ್ತು ಮೀಟರೇ ದೊಡ್ಡ ವ್ಯತ್ಯಾಸ.

ಫೋಟೊಗೆ ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು ಒಳ್ಳೆಯದು. ಬೆಳಗ್ಗೆ, ಸಂಜೆ, ಇಲ್ಲವೇ ರಾತ್ರಿ ಟಾರ್ಚು. ಚೌಕಟ್ಟಿನಲ್ಲಿ ಒಂದು ಸ್ಕೇಲ್ ಇರಲಿ. ಸೀಮೆಸುಣ್ಣದಿಂದ ಅಕ್ಷರ ತುಂಬಬೇಡಿ. ತುಂಬಿದ ಕೂಡಲೇ ಆ ಚಿತ್ರ ಕಲ್ಲಿನದಲ್ಲ, ನಿಮ್ಮ ಓದಿನದು. ಅಚ್ಚಿಗೆ 300 ಡಿಪಿಐ ಕೇಳುತ್ತಾರೆ, 15 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,770 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿರುತ್ತೆ, ಮೂಲ ಫೈಲನ್ನೇ ಇಟ್ಟುಕೊಳ್ಳಿ.

3. ಪಾಠ: ಲೇಖನದ ಜೀವ

ಪಾಠವನ್ನು ಕಲ್ಲಿನಲ್ಲಿರುವ ಸಾಲುಗಳಂತೆಯೇ, ಸಾಲು ಸಂಖ್ಯೆಯೊಂದಿಗೆ ಕೊಡಬೇಕು. ಚಿಹ್ನೆಗಳ ಪದ್ಧತಿ ಒಂದೊಂದು ಪತ್ರಿಕೆಯಲ್ಲಿ ಸ್ವಲ್ಪ ಬೇರೆ. ಎಪಿಗ್ರಾಫಿಯಾ ಇಂಡಿಕಾದಿಂದ ಬಂದ ರೂಢಿ ಹೆಚ್ಚು ಕಡೆ ನಡೆಯುತ್ತೆ. ತೋರಿಸಲೆಂದು ನಾನೇ ಕಟ್ಟಿದ ಎರಡು ಸಾಲು ಇಲ್ಲಿದೆ, ಇದು ಯಾವ ಊರಿನ ಕಲ್ಲೂ ಅಲ್ಲ:

1 ಸ್ವಸ್ತಿ ಶ್ರೀ ಮಾ[ರ]ಗಾವುಣ್ಡ[ನ*] ಮಗ
2 . . ಯ ತುಱುಗೊಳೊಳ್ ಶ(ಸ)ತ್ತ

ಚೌಕ ಆವರಣದ [ರ] ಅಂದರೆ ಅಕ್ಷರ ಸವೆದಿದೆ, ಕುರುಹು ಕಾಣುತ್ತೆ. ನಕ್ಷತ್ರ ಇರುವ [ನ*] ಅಂದರೆ ಕಲ್ಲಿನಲ್ಲಿ ಇಲ್ಲ, ಕಂಡರಿಸಿದವನು ಬಿಟ್ಟಿದ್ದಾನೆ, ನಾವು ಸೇರಿಸಿದ್ದು. ದುಂಡು ಆವರಣದ (ಸ) ಅಂದರೆ ಕಲ್ಲಿನಲ್ಲಿ "ಶ" ಇದೆ, ಸರಿಯಾದದ್ದು "ಸ". ಎರಡು ಚುಕ್ಕೆ ಅಂದರೆ ಎರಡು ಅಕ್ಷರ ಪೂರ್ತಿ ಹೋಗಿವೆ.

ಈಗ ಗಮನಿಸಿ. ಮಾರಗಾವುಂಡನ ಮಗ ತುಱುಗಾಳಗದಲ್ಲಿ ಸತ್ತ ಅಂತ ತಿಳಿಯಿತು, ಆದರೆ ಸತ್ತವನ ಹೆಸರೇ ಒಡೆದು ಹೋಗಿದೆ. ಕಲ್ಲು ನಿಲ್ಲಿಸಿದ್ದೇ ಆ ಹೆಸರಿಗಾಗಿ. "ಯ" ಉಳಿದಿದೆಯಲ್ಲ, ಇಂಥ ಹೆಸರೇ ಇರಬೇಕು ಅಂತ ತುಂಬಿಬಿಡುವ ಆಸೆ ಯಾರಿಗಾದರೂ ಬರುತ್ತೆ. ತುಂಬಿದರೆ ಏನಾಗುತ್ತೆ? ಪೇಪರಿನವರು ಅದನ್ನೇ ಹಾಕ್ತಾರೆ, ಊರಿನವರು ಅದೇ ಹೆಸರಿನ ಬೋರ್ಡು ನಿಲ್ಲಿಸ್ತಾರೆ, ಮುಂದಿನ ಸಂಶೋಧಕರು ನಿಮ್ಮನ್ನು ನಂಬಿ ಉಲ್ಲೇಖಿಸ್ತಾರೆ. ಕಲ್ಲು ಕಳೆದುಹೋದ ಮೇಲೆ ತಿದ್ದಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಪಾಠದಲ್ಲಿ ಚುಕ್ಕೆಯೇ ಇರಲಿ. ನಿಮ್ಮ ಊಹೆಯನ್ನು ಚರ್ಚೆಯ ಭಾಗದಲ್ಲಿ, ಕಾರಣದ ಸಮೇತ ಬರೆಯಿರಿ.

ಕಲ್ಲಿನಲ್ಲಿ ಱ, ೞ ಇದ್ದರೆ ಹಾಗೆಯೇ ಉಳಿಸಿ, ಹೊಸಗನ್ನಡಕ್ಕೆ ತಿರುಗಿಸಬೇಡಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಿಂದ ಫೈಲು ಪರಿವರ್ತಿಸುವಾಗ ಈ ಅಕ್ಷರಗಳು ಕೆಡುವ ಸಂಭವ ಇರುವುದರಿಂದ ಯೂನಿಕೋಡ್‌ನಲ್ಲೇ ಬರೆದು, ಜೊತೆಗೊಂದು ಪಿಡಿಎಫ್ ಕಳಿಸಿ. ಇನ್ನೊಂದು ಮಾತು: ಚೋಳರ ಆಳ್ವಿಕೆಯ ಕಾರಣ ನಮ್ಮ ತಾಲ್ಲೂಕುಗಳಲ್ಲಿ ತಮಿಳು ಶಾಸನಗಳೂ ಬಹಳ ಇವೆ, ನಡುವೆ ಗ್ರಂಥ ಅಕ್ಷರ ಬರುತ್ತೆ. ಅದು ಬಾರದವರು ಬಲ್ಲವರನ್ನು ಸಹಲೇಖಕರಾಗಿ ಸೇರಿಸಿಕೊಳ್ಳುವುದೇ ಸರಿ.

4. ಕಾಲ ನಿರ್ಣಯ

ಶಕವರ್ಷ ಇದ್ದರೆ 78 ಕೂಡಿಸಿದರೆ ಆಯಿತು ಅಂತ ನಿಲ್ಲಬಾರದು. ಜನವರಿಯಿಂದ ಯುಗಾದಿಯ ಹಿಂದಿನ ದಿನದವರೆಗಿನ ತಿಥಿಗಳಿಗೆ 79 ಕೂಡಿಸಬೇಕು. ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ, ಶೇಷ ಸೊನ್ನೆಯಾದರೆ 60ನೆಯದಾದ ಅಕ್ಷಯ. ಉದಾಹರಣೆಗೆ ಶಕ 1423. 12 ಕೂಡಿಸಿದರೆ 1435, ಶೇಷ 55, ಅಂದರೆ ದುರ್ಮತಿ, ಕ್ರಿ.ಶ. 1501-02. ಕಲ್ಲಿನಲ್ಲಿ ಶಕ 1423ರ ಜೊತೆ ರೌದ್ರಿ ಅಂತಿದ್ದರೆ? ಅದು 54ನೆಯದು. ಶಾಸನದವರು ಕಳೆದ ವರ್ಷದ ಬದಲು ನಡೆಯುವ ವರ್ಷವನ್ನು ಎಣಿಸಿರಬಹುದು, ಆಗ ಕಾಲ ಒಂದು ವರ್ಷ ಹಿಂದಕ್ಕೆ ಹೋಗುತ್ತೆ. ಈ ಲೆಕ್ಕ ನಡುಗಾಲದ ಮತ್ತು ಆಮೇಲಿನ ಶಾಸನಗಳಿಗೆ ಚೆನ್ನಾಗಿ ಹೊಂದುತ್ತೆ, ತೀರಾ ಹಳೆಯವಕ್ಕೆ ಎಚ್ಚರ ಬೇಕು. ತಿಥಿ, ವಾರಗಳನ್ನು ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳಿಂದ ಪರೀಕ್ಷಿಸಿ. ತಾಳೆಯಾಗದಿದ್ದರೆ ಆಗಲಿಲ್ಲ ಅಂತಲೇ ಬರೆಯಿರಿ.

ಕಾಲದ ಉಲ್ಲೇಖವೇ ಇಲ್ಲದಿದ್ದರೆ ಲಿಪಿಯೇ ಗತಿ. ಆಗ ಹತ್ತಿರದ, ಕಾಲ ಗೊತ್ತಿರುವ ಶಾಸನದ ಅಕ್ಷರಗಳ ಪಕ್ಕದಲ್ಲಿ ನಿಮ್ಮ ಕಲ್ಲಿನ ಅಕ್ಷರಗಳನ್ನು ಚಿತ್ರದಲ್ಲೇ ತೋರಿಸಿ. ಲಿಪಿಯಿಂದ ಶತಮಾನವನ್ನು ಹೇಳಬಹುದು, ಇಸವಿಯನ್ನಲ್ಲ.

5. ಚರ್ಚೆ, ಮತ್ತು ಒಪ್ಪದವರಿಗೆ ದಾರಿ

ಚರ್ಚೆಯ ಭಾಗದಲ್ಲಿ ಶಾಸನದಿಂದ ಹೊಸದಾಗಿ ತಿಳಿಯುವ ಒಂದೆರಡು ಸಂಗತಿ ಹೇಳಿದರೆ ಸಾಕು. ಊರಿನ ಹಳೆಯ ಹೆಸರು, ಒಂದು ನಾಡಿನ ಗಡಿ, ಅಧಿಕಾರಿಯ ಹೆಸರು, ಕೆರೆಗೆ ಬಿಟ್ಟ ಗದ್ದೆಯ ಅಳತೆ. ಗಂಗರ ಇಡೀ ಇತಿಹಾಸವನ್ನು ಮೊದಲಿಂದ ಬರೆಯಬೇಕಿಲ್ಲ. ವಿಮರ್ಶಕರು ಕೆಂಪು ಗೀಟು ಹಾಕುವುದು ಹೆಚ್ಚಾಗಿ ಅಲ್ಲಿಗೇ.

ನಿಮ್ಮ ತೀರ್ಮಾನ ಮುಂದೆ ಬಿದ್ದುಹೋಗಬಹುದು, ಪರವಾಗಿಲ್ಲ. ರೈಸ್ ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ವಾದಿಸಿದರು. 1936ರ ಮೈಸೂರು ಪುರಾತತ್ವ ವರದಿಯಲ್ಲಿ ಎಂ. ಎಚ್. ಕೃಷ್ಣ ಪ್ರಕಟಿಸಿದ ಹಲ್ಮಿಡಿ ಶಾಸನದ ಪಾಠ, ಅರ್ಥ, ಕಾಲಗಳ ಬಗ್ಗೆ ನಂತರದ ವಿದ್ವಾಂಸರು ಬೇರೆ ಬೇರೆ ಅಭಿಪ್ರಾಯ ಕೊಟ್ಟರು. ಇಂಥ ಚರ್ಚೆ ಸಾಧ್ಯವಾದದ್ದು ಪಾಠ ಎಲ್ಲರ ಮುಂದೆ ಇದ್ದುದರಿಂದ. ವಾದ ಹಳತಾದರೂ ಶುದ್ಧವಾದ ಪಾಠ ಹಳತಾಗುವುದಿಲ್ಲ.

6. ಕಳಿಸುವ ಮುನ್ನ

ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಕರ್ನಾಟಕ ಇತಿಹಾಸ ಅಕಾದೆಮಿಯ ಇತಿಹಾಸ ದರ್ಶನ, ಭಾರತೀಯ ಶಾಸನ ಪರಿಷತ್ತಿನ ಪುರಾಭಿಲೇಖ ಪತ್ರಿಕಾ, ಇವು ನಮ್ಮಂಥವರ ಬರಹಕ್ಕೆ ಸಹಜವಾದ ಜಾಗಗಳು. ಯಾವುದಕ್ಕೆ ಕಳಿಸುತ್ತೀರೋ ಅದರ ಇತ್ತೀಚಿನ ಸಂಚಿಕೆಯ ಒಂದು ಶಾಸನ ಲೇಖನವನ್ನು ಮುಂದಿಟ್ಟುಕೊಂಡು ಅಡಿಟಿಪ್ಪಣಿ, ಚಿಹ್ನೆ, ಪುಟಮಿತಿಗಳನ್ನು ಹೊಂದಿಸಿ. ಒಂದೇ ಲೇಖನವನ್ನು ಒಟ್ಟಿಗೆ ಎರಡು ಕಡೆ ಕಳಿಸುವುದು ಸಲ್ಲದು. ಕರಡನ್ನು ಮೊದಲು ಕಲ್ಲು ನೋಡದ ಒಬ್ಬರಿಗೆ ಕೊಟ್ಟು, ಬರೀ ಚಿತ್ರ ಹಿಡಿದು ಪಾಠ ಓದಲು ಹೇಳಿ. ಅವರು ತಡವರಿಸಿದ ಕಡೆಯಲ್ಲೆಲ್ಲ ಚೌಕ ಆವರಣ ಬೇಕಾಗಬಹುದು.

ವಿಮರ್ಶಕರಿಂದ ಆಕ್ಷೇಪಣೆ ಬಂದರೆ ಒಂದೊಂದಕ್ಕೂ ಸಂಖ್ಯೆ ಹಾಕಿ ಉತ್ತರಿಸಿ: ಒಪ್ಪಿ ತಿದ್ದಿದ್ದು ಯಾವುದು, ಒಪ್ಪದಿದ್ದರೆ ಆಧಾರ ಏನು. "ಹವ್ಯಾಸಿ ಬರೆದದ್ದು" ಎಂಬ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಕೃತಜ್ಞತೆಯಲ್ಲಿ ಕಲ್ಲು ತೋರಿಸಿದ ಊರಿನವರನ್ನು ಮರೆಯಬೇಡಿ. ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ. ಲೇಖನ ಅಚ್ಚಾದ ಮೇಲೆ ಪಾಠ ಮತ್ತು ಹೊಸಗನ್ನಡ ಅರ್ಥ ಇರುವ ಒಂದು ಪುಟವನ್ನು ಗ್ರಾಮ ಪಂಚಾಯಿತಿಗೂ ಊರಿನ ಶಾಲೆಗೂ ಕೊಟ್ಟು ಬನ್ನಿ. ಕಲ್ಲಿನಲ್ಲಿ ಏನು ಬರೆದಿದೆ ಅಂತ ಊರಿಗೆ ಗೊತ್ತಿದ್ದರೆ, ಜೆಸಿಬಿ ಬಂದ ದಿನ ಅಡ್ಡ ನಿಂತು "ಇದನ್ನ ಪಕ್ಕಕ್ಕಿಡಪ್ಪ" ಅನ್ನಲು ಒಬ್ಬರಾದರೂ ಇರುತ್ತಾರೆ.