ಗೋಲಿಗೂ ನಮಗೂ ನಡುವೆ ಮೂರು ಬಸ್ಸು

ದುದ್ದದಿಂದ ಮಂಡ್ಯಕ್ಕೆ ಹೋಗುವ ಕೆಂಪು ಬಸ್ಸನ್ನೇ ಅಳತೆಗೋಲು ಮಾಡಿಕೊಳ್ಳೋಣ. ಸೀಟು 50, ಉದ್ದ 11 ಮೀಟರ್. ಬೆಳಗಿನ ಬಸ್ಸಿನಲ್ಲಿ 50 ಜನ ಮಾತ್ರ ಇರುತ್ತಾರೆಂದರೆ ಆ ಕಡೆಯವರು ನಗುತ್ತಾರೆ; ಆದರೂ ಲೆಕ್ಕಕ್ಕಾಗಿ ನಂಬಿ. ಫುಟ್‌ಬಾಲ್ ಕ್ಲಬ್ಬೊಂದು ಮೈದಾನ ಬದಲಿಸಿದರೆ ಅಭಿಮಾನಿಗಳ ಪಾಡೇನು ಎಂಬುದನ್ನು ಈ ಬಸ್ಸಿನಲ್ಲೇ ಅಳೆದು ನೋಡಬಹುದು.

2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಎಫ್‌ಸಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ವಿರುದ್ಧ ತನ್ನ ಮೊದಲ ಐ-ಲೀಗ್ ಪಂದ್ಯ ಆಡಿತು. ಅಲ್ಲಿ ಹಿಡಿಸುತ್ತಿದ್ದದ್ದು ಎಂಟು ಸಾವಿರ ಚಿಲ್ಲರೆ ಜನ, ಹೆಚ್ಚೆಂದರೆ 170 ಬಸ್ಸು. ಕಾಲಿಟ್ಟ ವರ್ಷವೇ ಕ್ಲಬ್ ಚಾಂಪಿಯನ್! ಮುಂದಿನ ಹಂಗಾಮಿಗೆ ಕಂಠೀರವಕ್ಕೆ ಗುಳೆ. ಹೋದ ದೂರ ಎರಡು-ಮೂರು ಕಿಲೋಮೀಟರ್, ಸಿಕ್ಕ ಜಾಗ ಮೂರು ಪಟ್ಟು. ಸುಮಾರು 25 ಸಾವಿರ ಸೀಟು ಎಂದರೆ 500 ಬಸ್ಸು. ಮಂಡ್ಯದಿಂದ ದುದ್ದದ ದಾರಿಯಲ್ಲಿ ಒಂದರ ಬೆನ್ನಿಗೊಂದು ನಿಲ್ಲಿಸಿದರೆ ಐದೂವರೆ ಕಿಲೋಮೀಟರ್ ಸಾಲು.

ಆದರೆ ಕಂಠೀರವದಲ್ಲಿ ಓಟದ ಟ್ರ್ಯಾಕ್ ಇದೆ, ಇಟ್ಟಿಗೆಗೆಂಪು ಬಣ್ಣದ್ದು, ಎಂಟು ಲೇನಿನದು. 400 ಮೀಟರಿನ ಅಂತರರಾಷ್ಟ್ರೀಯ ಅಳತೆಯ ಟ್ರ್ಯಾಕಿನ ನಡುವೆ 105 ಮೀಟರಿನ ಫುಟ್‌ಬಾಲ್ ಅಂಗಳ ಹಾಕಿ ನೋಡಿ: ಗೋಲಿನ ಗೆರೆಯಿಂದ ಟ್ರ್ಯಾಕಿನ ಹೊರಅಂಚಿಗೆ 36 ಮೀಟರ್. ಗೋಲುಕಂಬಕ್ಕೂ ಅದರ ಹಿಂದೆ ಕೂತ ಅಭಿಮಾನಿಗೂ ನಡುವೆ ಮೂರು ಬಸ್ಸು, ಸಾಲದ್ದಕ್ಕೆ ಒಂದು ಆಟೊ! ಪೆನಾಲ್ಟಿ ಹೊಡೆಯುವವನೇ ಗೋಲಿಗೆ 11 ಮೀಟರ್ ದೂರದಲ್ಲಿರುತ್ತಾನೆ. ಕಾಸು ಕೊಟ್ಟು ಬಂದವನು ಅದರ ಮೂರು ಪಟ್ಟು ಆಚೆ. ಇಷ್ಟಾದರೂ ಅಶೋಕನಗರದ ಸ್ಟ್ಯಾಂಡಿನ ಹೆಸರು ಹೊತ್ತ 'ವೆಸ್ಟ್ ಬ್ಲಾಕ್ ಬ್ಲೂಸ್' ಬಳಗ ಡ್ರಮ್ಮು, ನೀಲಿ ಬಾವುಟಗಳ ಸಮೇತ ಇಲ್ಲಿಗೂ ಬಂತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾದದ್ದು ಇದೇ ಕಂಠೀರವದಲ್ಲಿ.

ಲಂಡನ್ನಿನಲ್ಲಿ ಆರ್ಸೆನಲ್ 93 ವರ್ಷ ಹೈಬರಿಯಲ್ಲಿ ಆಡಿತು. ಅಲ್ಲಿ 38 ಸಾವಿರ ಸೀಟು, ಹೆಚ್ಚುಕಡಿಮೆ ಇಡೀ ಮಳವಳ್ಳಿ ಪಟ್ಟಣ ಕೂರಬಹುದಿತ್ತು. 2006ರಲ್ಲಿ ಅರ್ಧ ಕಿಲೋಮೀಟರ್ ಆಚೆಗೆ ಹೋದದ್ದೇ ತಡ, ಸೀಟು 60 ಸಾವಿರ ದಾಟಿತು: ಮಳವಳ್ಳಿಯ ಜೊತೆಗೆ ಮದ್ದೂರಿನ ಬಹುಪಾಲು ಜನರೂ ಹಿಡಿಸಿದರು. ಹಳೆಯ ಮೈದಾನ ಈಗ ಅಪಾರ್ಟ್‌ಮೆಂಟು. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿನದು ಇನ್ನೂ ಹಳೆಯ ನಂಟು. 1892ರಿಂದ 2025ರವರೆಗೆ, 133 ವರ್ಷ, ಒಂದೇ ಗೂಡಿಸನ್ ಪಾರ್ಕ್! ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗುವ 19 ವರ್ಷ ಮೊದಲೇ, ಮಂಡ್ಯ ಜಿಲ್ಲೆ ಹುಟ್ಟುವ 47 ವರ್ಷ ಮೊದಲೇ ಅಲ್ಲಿ ಜನ ಗಂಟಲು ಹರಿದುಕೊಳ್ಳುತ್ತಿದ್ದರು. ಮುತ್ತಜ್ಜನ ಮುತ್ತಜ್ಜ ನಿಂತ ಜಾಗವನ್ನು ಬಿಟ್ಟು ಬರುವುದೆಂದರೆ ಇದೇ.

ಇನ್ನೂ ದೊಡ್ಡದು ಬೇಕೆ? ಲಂಡನ್ನಿನದೇ ಇನ್ನೊಂದು ಕ್ಲಬ್ ಟಾಟನ್‌ಹ್ಯಾಮ್ ತನ್ನ ಹೊಸ ಸ್ಟೇಡಿಯಂ ಎದ್ದು ನಿಲ್ಲುವವರೆಗೆ ವೆಂಬ್ಲಿ ಸ್ಟೇಡಿಯಂನಲ್ಲಿ ಬಿಡಾರ ಹೂಡಿತ್ತು. 2018ರ ಫೆಬ್ರುವರಿ 10ರಂದು ಆರ್ಸೆನಲ್ ಎದುರು ಅಲ್ಲಿ ನೆರೆದವರು 83,222 ಮಂದಿ. 1,665 ಬಸ್ಸು, 18 ಕಿಲೋಮೀಟರ್: ಮಂಡ್ಯದಲ್ಲಿ ಕೊನೆಯ ಬಸ್ಸು ನಿಂತಿದ್ದರೆ ಮೊದಲ ಬಸ್ಸಿನ ಡ್ರೈವರ್ ಮದ್ದೂರಿನ ಹತ್ತಿರ ವಡೆ ತಿನ್ನುವ ಲೆಕ್ಕ ಹಾಕುತ್ತಿರುತ್ತಾನೆ.

ಇದನ್ನೂ ಮೀರಿಸಿದ್ದು ನಮ್ಮದೇ ಕೋಲ್ಕತ್ತ. ಮೈದಾನ್ ಬಯಲಿನ ಪುಟ್ಟ ಅಂಗಳಗಳಲ್ಲಿ ಬೆಳೆದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ತಂಡಗಳು ದೊಡ್ಡ ಪಂದ್ಯಗಳಿಗೆ ಸಾಲ್ಟ್ ಲೇಕ್ ಸ್ಟೇಡಿಯಂಗೆ ಹೋಗತೊಡಗಿದವು. 1997ರ ಜುಲೈ 13ರಂದು ಇವೆರಡೇ ಎದುರುಬದುರಾದ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಬಂದವರು 1,31,781! 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆಯೇ ಸುಮಾರು 1.37 ಲಕ್ಷ. ಅಂದರೆ ತೊಟ್ಟಿಲ ಕೂಸಿನಿಂದ ಕೋಲೂರುವ ಅಜ್ಜಿಯವರೆಗೆ ಊರಿಗೆ ಊರೇ ಬೀಗ ಹಾಕಿಕೊಂಡು ಒಂದು ಪಂದ್ಯಕ್ಕೆ ಹೋದಂತೆ. ಅಂದು ಭೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು.

ಎಲ್ಲಕ್ಕಿಂತ ನಂಬಲಾಗದ ಅಂಕಿ ಮಾತ್ರ ಬಲು ಚಿಕ್ಕದು. ಇಟಲಿಯ ಯುವೆಂಟಸ್ 1990ರಲ್ಲಿ ಟ್ರ್ಯಾಕ್ ಇದ್ದ ಡೆಲ್ಲೆ ಆಲ್ಪಿಗೆ ಹೋಯಿತು. 69 ಸಾವಿರ ಸೀಟು, 1,380 ಬಸ್ಸು. ಅಭಿಮಾನಿಗಳಿಗೆ ಅದು ಎಂದೂ ಒಗ್ಗಲಿಲ್ಲ. 2001-02ರಲ್ಲಿ ಸಾಂಪ್ದೋರಿಯಾ ವಿರುದ್ಧದ ಇಟಲಿ ಕಪ್ ಪಂದ್ಯಕ್ಕೆ ಬಂದವರು 237. ಐದು ಬಸ್ಸೂ ತುಂಬಲಿಲ್ಲ! ಬಂದ ಒಬ್ಬೊಬ್ಬರಿಗೂ ಕಾಲು ಚಾಚಲು 290 ಖಾಲಿ ಸೀಟು. ಕೊನೆಗೆ ಕ್ಲಬ್ ಅದನ್ನು ಕೆಡವಿಸಿ, ಅದೇ ಜಾಗದಲ್ಲಿ 2011ರಲ್ಲಿ 41 ಸಾವಿರ ಸೀಟಿನ ಹೊಸದನ್ನು ಕಟ್ಟಿಸಿತು. 560 ಬಸ್ಸಿನಷ್ಟು ಸೀಟು ಬೇಕೆಂದೇ ಬಿಟ್ಟುಕೊಟ್ಟು! ಟ್ರ್ಯಾಕ್ ಹೋಯಿತು, ಈಗ ಮುಂದಿನ ಸಾಲಿನಿಂದ ಅಂಗಳಕ್ಕೆ ಬರೀ ಏಳೂವರೆ ಮೀಟರ್, ಮುಕ್ಕಾಲು ಬಸ್ಸೂ ಇಲ್ಲ.