‘ನೋ ಪೋರ್ಕ್’ ಬೋರ್ಡ್ ಇದ್ದರೆ ಹಲಾಲ್ ಎಂದರ್ಥವೇ? ಸಿಂಗಾಪುರಕ್ಕೆ ಹೊರಟ ಜೋಡಿಗೆ ತಿಳಿದಿರಬೇಕಾದ ಸಂಗತಿಗಳು

ರಜೆ ಹೊಂದಿಸಿಕೊಂಡು, ಹಣ ಕೂಡಿಟ್ಟುಕೊಂಡು, ಇಬ್ಬರೇ ಮೂರು ದಿನ ಎಲ್ಲಾದರೂ ಹೋಗಿ ಬರೋಣ ಎಂದು ಗಂಡ ಹೆಂಡತಿ ತೀರ್ಮಾನಿಸುತ್ತಾರೆ. ಟಿಕೆಟ್ ಬುಕ್ ಆದ ಸಂಜೆಯೇ ಫ್ಯಾಮಿಲಿ ಗ್ರೂಪ್‌ನಲ್ಲಿ ಫಾರ್ವರ್ಡ್‌ಗಳ ಮಳೆ ಶುರುವಾಗುತ್ತದೆ. ‘ಹೊರದೇಶದಲ್ಲಿ ಎಲ್ಲದರಲ್ಲೂ ಹಂದಿ ಕೊಬ್ಬು ಇರುತ್ತದೆ, ಬಿಸ್ಕತ್ತನ್ನೂ ಮುಟ್ಟಬೇಡಿ’ ಎನ್ನುತ್ತದೆ ಒಂದು ಸಂದೇಶ. ‘ನೋ ಪೋರ್ಕ್ ಎಂಬ ಬೋರ್ಡ್ ಕಂಡರೆ ಸಾಕು, ಧೈರ್ಯವಾಗಿ ತಿನ್ನಿ’ ಎನ್ನುತ್ತದೆ ಇನ್ನೊಂದು.

ಇವೆರಡರಲ್ಲಿ ಯಾವುದು ನಿಜ? ಎರಡೂ ಅಲ್ಲ.

ಮೊದಲನೆಯದನ್ನು ನಂಬಿದವರು ಊರಿಂದ ಕೊಂಡೊಯ್ದ ಅವಲಕ್ಕಿ ತಿಂದು ಹೋಟೆಲ್ ರೂಮಿನಲ್ಲೇ ದಿನ ಕಳೆಯುತ್ತಾರೆ. ಎರಡನೆಯದನ್ನು ನಂಬಿದವರು ತಮಗೆ ಬೇಡವಾದದ್ದನ್ನು ಗೊತ್ತಿಲ್ಲದೆ ತಿಂದು, ಗೊತ್ತಾದ ಮೇಲೆ ನೊಂದುಕೊಳ್ಳುತ್ತಾರೆ. ಗಂಡ ಒಂದನ್ನು, ಹೆಂಡತಿ ಇನ್ನೊಂದನ್ನು ನಂಬಿದರಂತೂ ಪ್ರತಿ ಊಟಕ್ಕೂ ಒಂದು ವಾದ ಗ್ಯಾರಂಟಿ. ಹಾಗಾಗಿ ನಾವು ಒಂದೇ ಒಂದು ಊರನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಗೊಂದಲ ಬಿಡಿಸೋಣ. ಆ ಊರು ಸಿಂಗಾಪುರ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಜನಸಂಖ್ಯೆಯಲ್ಲಿ ಸುಮಾರು ಶೇ 15ರಷ್ಟು ಮುಸ್ಲಿಮರಿದ್ದಾರೆ.

ಮೂರು ಬೋರ್ಡ್, ಮೂರು ಅರ್ಥ

ಹಲಾಲ್ ಎಂದರೆ ‘ಅನುಮತಿ ಇರುವುದು’. ಹಂದಿ ಮಾಂಸ ಇಲ್ಲದಿರುವುದು ಅದರ ಒಂದು ಭಾಗ ಮಾತ್ರ. ಕೋಳಿ, ಕುರಿಯನ್ನು ನಿಯಮದಂತೆ ಜಬಹ್ ಮಾಡಿರಬೇಕು, ಅಡುಗೆಗೆ ಮದ್ಯ ಬಳಸಿರಬಾರದು, ಪಾತ್ರೆಗಳು ಬೆರೆತಿರಬಾರದು.

ಸಿಂಗಾಪುರದಲ್ಲಿ ನಿಮಗೆ ಮೂರು ಬಗೆಯ ಸೂಚನೆ ಕಾಣಿಸುತ್ತದೆ. ಮೊದಲನೆಯದು ಹಲಾಲ್ ಪ್ರಮಾಣಪತ್ರ. ಇದನ್ನು ಕೊಡುವುದು ‘ಮುಯಿಸ್’ ಎಂದು ಕರೆಯಲಾಗುವ ಸಿಂಗಾಪುರ ಇಸ್ಲಾಮಿಕ್ ಧಾರ್ಮಿಕ ಮಂಡಳಿ. ಇದು 1968ರಲ್ಲಿ ಕಾನೂನಿನಡಿ ಸ್ಥಾಪನೆಯಾದ ಸಂಸ್ಥೆ. 1978ರಿಂದ ಹಲಾಲ್ ಪ್ರಮಾಣಪತ್ರ ಕೊಡುತ್ತಿದೆ. ಎರಡನೆಯದು ‘ಮುಸ್ಲಿಂ ಓನ್ಡ್’, ಅಂದರೆ ಮಾಲೀಕರು ಮುಸ್ಲಿಮರು. ಪ್ರಮಾಣಪತ್ರ ಇರಬಹುದು, ಇಲ್ಲದೆಯೂ ಇರಬಹುದು. ಇಲ್ಲಿ ನಿಮ್ಮ ಆಧಾರ ಮಾಲೀಕರ ಮಾತು. ಮೂರನೆಯದು ‘ನೋ ಪೋರ್ಕ್, ನೋ ಲಾರ್ಡ್’. ಹಂದಿ ಮಾಂಸ, ಹಂದಿ ಕೊಬ್ಬು ಬಳಸುವುದಿಲ್ಲ ಎಂದಷ್ಟೇ ಇದು ಹೇಳುತ್ತದೆ. ಕೋಳಿ ಎಲ್ಲಿಂದ ಬಂತು, ಸಾಸ್‌ನಲ್ಲಿ ವೈನ್ ಇದೆಯೇ ಎಂಬುದರ ಬಗ್ಗೆ ಏನೂ ಹೇಳುವುದಿಲ್ಲ. ಬೋರ್ಡ್ ಸುಳ್ಳು ಹೇಳುತ್ತಿಲ್ಲ, ನಾವು ಅದರಲ್ಲಿ ಇಲ್ಲದ್ದನ್ನು ಓದಿಕೊಳ್ಳುತ್ತಿದ್ದೇವೆ ಅಷ್ಟೇ.

ಇನ್ನೊಂದು ಮಾತು. ಪ್ರಮಾಣಪತ್ರ ಸಿಗುವುದು ಆ ನಿರ್ದಿಷ್ಟ ಮಳಿಗೆಗೆ. ಒಂದೇ ಹೆಸರಿನ ಇನ್ನೊಂದು ಶಾಖೆಗೂ ಅದು ಇದೆ ಎಂದು ಊಹಿಸಬೇಡಿ. ಮುಯಿಸ್‌ನ ಜಾಲತಾಣದಲ್ಲಿ ಮಳಿಗೆಯ ಹೆಸರು ಹಾಕಿ ನೋಡಬಹುದು. ಎರಡು ನಿಮಿಷದ ಕೆಲಸ.

ಬೀದಿ ಊಟದ ಹಾಕರ್ ಸೆಂಟರ್‌ಗಳಲ್ಲಿ ಹಲಾಲ್ ಮತ್ತು ಇತರ ಅಂಗಡಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ತಟ್ಟೆ ವಾಪಸ್ ಇಡುವ ಜಾಗ ಮಾತ್ರ ಎರಡಕ್ಕೂ ಬೇರೆ ಬೇರೆ. ಊಟದ ನಂತರ ತಟ್ಟೆಯನ್ನು ನೀವೇ ಸರಿಯಾದ ಕಡೆ ಇಡಬೇಕು. 2021ರಿಂದ ಇದು ಅಲ್ಲಿ ಕಡ್ಡಾಯ.

‘ಇ-ಕೋಡ್ ಎಂದರೆ ಹಂದಿ’ ಎಂಬ ಪಟ್ಟಿ

ವರ್ಷಗಳಿಂದ ಹರಿದಾಡುತ್ತಿರುವ ಫಾರ್ವರ್ಡ್ ಇದು. ಪೊಟ್ಟಣದ ಮೇಲೆ ಇಂತಿಂಥ ಇ-ಸಂಖ್ಯೆ ಇದ್ದರೆ ಅದರಲ್ಲಿ ಹಂದಿ ಕೊಬ್ಬು ಇದೆ ಎಂದು ಉದ್ದದ ಪಟ್ಟಿ ಕೊಡುತ್ತದೆ.

ವಾಸ್ತವದಲ್ಲಿ ಇ-ಸಂಖ್ಯೆ ಎಂಬುದು ಯುರೋಪಿನಲ್ಲಿ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಗುರುತು. 100ರ ಸಾಲಿನಲ್ಲಿ ಬಣ್ಣಗಳು, 200ರ ಸಾಲಿನಲ್ಲಿ ಕೆಡದಂತೆ ಕಾಪಾಡುವ ವಸ್ತುಗಳು ಬರುತ್ತವೆ. ಪಟ್ಟಿಗಳಲ್ಲಿ ಕಾಣುವ ಇ-330 ಎಂದರೆ ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನ ಹುಳಿಗೆ ಕಾರಣವಾದ ಅದೇ ವಸ್ತು.

ಹಾಗಾದರೆ ಭಯ ಪೂರ್ತಿ ಸುಳ್ಳೇ? ಅದೂ ಅಲ್ಲ. ಬ್ರೆಡ್, ಐಸ್‌ಕ್ರೀಂಗಳಲ್ಲಿ ಬಳಸುವ ಇ-471 ಕೊಬ್ಬಿನಿಂದ ತಯಾರಾಗುತ್ತದೆ. ಆ ಕೊಬ್ಬು ತಾಳೆ ಎಣ್ಣೆ ಅಥವಾ ಸೋಯಾದಿಂದ ಬಂದಿರಬಹುದು, ಪ್ರಾಣಿಯಿಂದಲೂ ಬಂದಿರಬಹುದು. ಸಂಖ್ಯೆ ಹೇಳುವುದು ವಸ್ತು ಯಾವುದು ಎಂದು, ಮೂಲ ಯಾವುದು ಎಂದಲ್ಲ. ಜಿಲೆಟಿನ್ ಕಥೆಯೂ ಇದೇ. ಹಂದಿ, ದನ, ಮೀನು, ಯಾವುದರಿಂದಲೂ ತಯಾರಿಸಬಹುದು. ಆದ್ದರಿಂದ ಸಂಖ್ಯೆಗಳನ್ನು ಬಾಯಿಪಾಠ ಮಾಡುವ ಬದಲು ಪೊಟ್ಟಣದ ಮೇಲೆ ಹಲಾಲ್ ಗುರುತು ಇದೆಯೇ ನೋಡಿ. ಅನುಮಾನ ಬಂದರೆ ಬಿಡಿ, ಪಕ್ಕದ ಪೊಟ್ಟಣ ತೆಗೆದುಕೊಳ್ಳಿ.

ನಮಾಜ್ ಸಮಯ: ಅಲ್ಲಿ ಸೂರ್ಯನೇ ನಿಮ್ಮ ಪರ

‘ಹೊರದೇಶದಲ್ಲಿ ನಮಾಜ್ ಸಮಯ ಏರುಪೇರಾಗಿ ದಿನವೆಲ್ಲ ಗಡಿಯಾರ ನೋಡುವುದೇ ಆಗುತ್ತದೆ’ ಎಂಬ ಆತಂಕವೂ ಇದೆ. ಲಂಡನ್‌ಗೆ ಹೋದರೆ ಇದು ನಿಜ. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೂ ಮುಂಚೆ.

ಸಿಂಗಾಪುರ ಹಾಗಲ್ಲ. ಅದು ಸಮಭಾಜಕ ವೃತ್ತದಿಂದ ಒಂದೂಕಾಲು ಡಿಗ್ರಿಯಷ್ಟೇ ಉತ್ತರಕ್ಕಿದೆ. ಹಾಗಾಗಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ. ಸೂರ್ಯಾಸ್ತ ಯಾವ ತಿಂಗಳಾದರೂ ಸಂಜೆ ಏಳರ ಆಸುಪಾಸಿನಲ್ಲೇ. ಅಲ್ಲಿನ ಗಡಿಯಾರ ಸೂರ್ಯನಿಗಿಂತ ಮುಂದಿರುವುದರಿಂದ ನಡುಹಗಲು ಬರುವುದು 12ಕ್ಕಲ್ಲ, ಸುಮಾರು ಒಂದು ಗಂಟೆಗೆ. ಜುಹರ್ ಕೂಡ ಆಗಲೇ ಶುರು. ಅಂದರೆ ಬೆಳಗಿನ ಸುತ್ತಾಟಕ್ಕೆ ಪೂರ್ತಿ ಸಮಯ ಸಿಗುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಒಂದು ವಿಷಯ ಗಮನಿಸಿ. ಅಸರ್ ಸಮಯ ನೆರಳಿನ ಉದ್ದವನ್ನು ಅವಲಂಬಿಸಿದೆ. ನಡುಹಗಲಿನ ನೆರಳನ್ನು ಬಿಟ್ಟು, ವಸ್ತುವಿನಷ್ಟೇ ಉದ್ದದ ನೆರಳು ಬಿದ್ದಾಗ ಅಸರ್ ಎಂಬುದು ಶಾಫಿ ಲೆಕ್ಕ. ಅದರ ಎರಡು ಪಟ್ಟು ಎಂಬುದು ಹನಫಿ ಲೆಕ್ಕ. ಸಿಂಗಾಪುರದ ಮಸೀದಿಗಳ ವೇಳಾಪಟ್ಟಿ ಶಾಫಿ ಲೆಕ್ಕದ್ದು. ಕರಾವಳಿಯ ಬ್ಯಾರಿ, ನವಾಯತ ಕುಟುಂಬಗಳಿಗೆ ಇದು ಪರಿಚಿತವೇ. ಹನಫಿ ಪಾಲಿಸುವವರಿಗೆ ಸುಮಾರು ಒಂದು ಗಂಟೆಯ ವ್ಯತ್ಯಾಸ ಕಂಡರೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪ್ರಯಾಣಿಕರಿಗೆ ನಮಾಜ್ ಮೊಟಕುಗೊಳಿಸುವ ರಿಯಾಯಿತಿ ಇದೆ. ಎರಡನ್ನು ಸೇರಿಸಿ ಮಾಡುವ ವಿಷಯದಲ್ಲಿ ಪಂಥಗಳ ಅಭಿಪ್ರಾಯ ಬೇರೆ ಬೇರೆ. ಹೊರಡುವ ಮೊದಲೇ ನಿಮ್ಮ ಮಸೀದಿಯ ಗುರುಗಳನ್ನು ಕೇಳಿಕೊಳ್ಳಿ.

ಕಿಬ್ಲಾ ಅಲ್ಲಿ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಸುಮಾರು 23 ಡಿಗ್ರಿ ಉತ್ತರಕ್ಕೆ ವಾಲಿರುತ್ತದೆ. ಫೋನ್‌ನ ದಿಕ್ಸೂಚಿ ಅಯಸ್ಕಾಂತ ಕ್ಷೇತ್ರವನ್ನು ಅಳೆಯುವುದರಿಂದ ಮ್ಯಾಗ್ನೆಟ್ ಇರುವ ಕವರ್, ಕಬ್ಬಿಣದ ಮಂಚ ಅದನ್ನು ದಾರಿ ತಪ್ಪಿಸುತ್ತವೆ. ಕವರ್ ತೆಗೆದು, ಕಿಟಕಿಯ ಬಳಿ ನಿಂತು ನೋಡಿ.

ಓಡದೆ ನೋಡುವ ಮೂರು ದಿನ

ಅಲ್ಲಿ ಮಧ್ಯಾಹ್ನ 31–32 ಡಿಗ್ರಿ ಸೆಕೆ, ಜೊತೆಗೆ ಬೆವರು, ಆಗಾಗ ಮಳೆ. ಮಧ್ಯಾಹ್ನದ ಹೊತ್ತು ರೂಮಿನಲ್ಲಿ ವಿಶ್ರಾಂತಿ ಎಂದು ಮೊದಲೇ ನಿರ್ಧರಿಸಿಬಿಡಿ. ಅರ್ಧ ದಿನಕ್ಕೆ ಒಂದೇ ಬಡಾವಣೆ ಸಾಕು.

ಮೊದಲ ದಿನ ಕಂಪೊಂಗ್ ಗ್ಲಾಮ್. ಬೂಗಿಸ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಮುಸ್ಲಿಂ ಹೋಟೆಲ್‌ಗಳು ಸಾಲುಸಾಲಾಗಿವೆ. ಮೊಟ್ಟೆ, ಖೀಮಾ ತುಂಬಿದ ಮುರ್ತಬಕ್ ಒಂದನ್ನು ಇಬ್ಬರೂ ಹಂಚಿಕೊಂಡು ತಿನ್ನಿ. ಅಲ್ಲೇ ಇರುವ ಸುಲ್ತಾನ್ ಮಸೀದಿಯ ಈಗಿನ ಕಟ್ಟಡ 1932ರಲ್ಲಿ ಪೂರ್ಣಗೊಂಡಿತು. ಅದರ ಬಂಗಾರದ ಬಣ್ಣದ ಗುಮ್ಮಟದ ಬುಡದಲ್ಲಿ ಕಪ್ಪು ಪಟ್ಟಿಯಂತೆ ಕಾಣುವುದು ಗಾಜಿನ ಬಾಟಲಿಗಳ ತಳ. ಸಿರಿವಂತರ ದೇಣಿಗೆಯಷ್ಟೇ ಸಾಲದು, ಬಡವರ ಪಾಲೂ ಇರಲಿ ಎಂದು ಬಡವರಿಂದ ಪಡೆದ ಬಾಟಲಿಗಳವು. ಸಿಂಗಾಪುರದ ಮಸೀದಿಗಳಲ್ಲಿ ಸಾಮಾನ್ಯವಾಗಿ ಮಹಿಳೆಯರಿಗೂ ನಮಾಜ್‌ಗೆ ಜಾಗ ಇರುತ್ತದೆ. ಹೀಗಾಗಿ ಹೆಂಡತಿ ಹೊರಗೆ ಕಾಯುತ್ತಾ ನಿಲ್ಲಬೇಕಾಗಿಲ್ಲ.

ಎರಡನೆಯ ದಿನ ಬೆಳಿಗ್ಗೆ ಬೊಟಾನಿಕ್ ಗಾರ್ಡನ್ಸ್. 1859ರಲ್ಲಿ ಶುರುವಾದ ಈ ತೋಟ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆರ್ಕಿಡ್ ವಿಭಾಗ ಬಿಟ್ಟರೆ ಪ್ರವೇಶ ಉಚಿತ. ಸಂಜೆ ಮಗ್ರಿಬ್ ಮುಗಿಸಿಕೊಂಡು ಗಾರ್ಡನ್ಸ್ ಬೈ ದಿ ಬೇಯ ಸೂಪರ್‌ಟ್ರೀ ದೀಪಗಳ ಪ್ರದರ್ಶನ ನೋಡಿ. ಇದಕ್ಕೂ ಟಿಕೆಟ್ ಇಲ್ಲ.

ಮೂರನೆಯ ದಿನ ಲಿಟಲ್ ಇಂಡಿಯಾ. ಅನ್ನ, ದೋಸೆ ನೆನಪಾದವರಿಗೆ ಸಸ್ಯಾಹಾರಿ ಹೋಟೆಲ್‌ಗಳೂ ಇವೆ. ಡನ್ಲಪ್ ಸ್ಟ್ರೀಟ್‌ನ ಅಬ್ದುಲ್ ಗಫೂರ್ ಮಸೀದಿಯಲ್ಲಿ 25 ಕಿರಣಗಳ ಸೂರ್ಯ ಗಡಿಯಾರದ ಅಲಂಕಾರವಿದೆ. ಒಂದೊಂದು ಕಿರಣದಲ್ಲೂ ಒಬ್ಬೊಬ್ಬ ಪ್ರವಾದಿಯ ಹೆಸರು.

ಹೊರಡುವ ಮುನ್ನ ಒಂದು ಎಚ್ಚರಿಕೆ

ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕು. ಅದರ ಜೊತೆಗೆ ತಲುಪುವ ಮೊದಲ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ‘ಅರೈವಲ್ ಕಾರ್ಡ್’ ಭರ್ತಿ ಮಾಡಬೇಕು. ಇದಕ್ಕೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹಣ ಕೇಳುವ ಲಿಂಕ್ ಫಾರ್ವರ್ಡ್ ಆಗಿ ಬಂದರೆ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ.

ಕೊನೆಯದಾಗಿ, ಊರು ಯಾವುದೇ ಇರಲಿ, ಯಾವ ಗುರುತನ್ನು ನಂಬುತ್ತೇವೆ, ಯಾವುದಿದ್ದರೆ ಬೇಡ ಎನ್ನುತ್ತೇವೆ ಎಂದು ಇಬ್ಬರೂ ಮನೆಯಲ್ಲೇ ಕೂತು ಮಾತಾಡಿಕೊಳ್ಳಿ. ‘ಪ್ರಮಾಣಪತ್ರ ಇದ್ದರೆ ಮಾತ್ರ’ ಎಂದಾದರೂ ಸರಿ, ‘ಮುಸ್ಲಿಂ ಮಾಲೀಕರಾದರೆ ಸಾಕು’ ಎಂದಾದರೂ ಸರಿ, ಇಬ್ಬರದೂ ಒಂದೇ ಮಾತಾಗಿರಲಿ. ಆಮೇಲೆ ಹೋಟೆಲ್ ಬಾಗಿಲಲ್ಲಿ ನಿಂತು ಗ್ರೂಪ್‌ನ ಫಾರ್ವರ್ಡ್ ಹುಡುಕುವ ಕೆಲಸ ಇರುವುದಿಲ್ಲ. ಫೋನ್ ಜೇಬಿನಲ್ಲೇ ಇರುತ್ತದೆ, ಊಟವೂ ಬಿಸಿಯಾಗಿರುತ್ತದೆ.