ಕಿರಿದಾದ ಗಾಯ, ಹಿರಿದಾದ ದಾನ

ಕಿರಿದಾದ ಬಾಯಿಯಿಂದ ಆಳಕ್ಕಿಳಿಯುವ ವಿದ್ಯೆ ನಮ್ಮ ರಾಬರ್ಟ್‌ಸನ್‌ಪೇಟೆಯ ಜನಕ್ಕೆ ಹೊಸದಲ್ಲ. 2001ರಲ್ಲಿ ಗಣಿ ಮುಚ್ಚುವವರೆಗೂ, ಶಾಫ್ಟುಗಳಲ್ಲಿಳಿದು ಮೂರು ಕಿಲೋಮೀಟರಿಗೂ ಮಿಕ್ಕ ಆಳದಿಂದ ಚಿನ್ನದ ಕಲ್ಲನ್ನು ಮೇಲಕ್ಕೆ ತಂದವರ ಊರು ಇದು. ಅದಕ್ಕೇ ಇರಬೇಕು, ಗಣಿಯಲ್ಲಿ ದುಡಿದವರೊಬ್ಬರ ಮಡದಿಯಾದ ನಮ್ಮ ನೆರೆಮನೆಯ ತಾಯಿ ತಮ್ಮ ಮಗನಿಗೆ ಮೂತ್ರಪಿಂಡವೊಂದನ್ನು ಕೊಡಲು ಹೊರಟಾಗ, ವೈದ್ಯರ ವಿವರಣೆಯನ್ನು ನನಗಿಂತ ಬೇಗನೆ ಗ್ರಹಿಸಿದರು. “ಸಣ್ಣ ತೂತು ಕೊರೆದು ಒಳಗಿನದನ್ನು ತೆಗೆಯುತ್ತಾರಂತೆ ಮೇಷ್ಟ್ರೇ. ನಮ್ಮ ಯಜಮಾನರು ಮಾಡುತ್ತಿದ್ದ ಕೆಲಸವೇ!”

ಒಂದು ಮೂತ್ರಪಿಂಡವನ್ನು ತೆಗೆದರೂ ಮನುಷ್ಯನು ಬದುಕಬಲ್ಲನೆಂದು ನಂಬಿ, ಯೋಜಿಸಿ, ಮಾಡಿ ತೋರಿಸಿದವನು ಜರ್ಮನಿಯ ಹೈಡಲ್‌ಬರ್ಗಿನ ಗುಸ್ತಾಫ್ ಸೀಮೋನ್. ಅದು 1869ರ ಮಾತು. ಅನಂತರ ಶತಮಾನಕ್ಕೂ ಮಿಗಿಲಾಗಿ ರೂಢಿಯಲ್ಲಿದ್ದ ಕ್ರಮವೆಂದರೆ ಪಕ್ಕೆಯನ್ನು ಗೇಣುದ್ದ ಸೀಳುವುದು, ಸ್ನಾಯುಗಳನ್ನು ಕತ್ತರಿಸುವುದು, ಒಮ್ಮೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆಯುವುದು. ಒಳಗಣ ಕೆಲಸಕ್ಕಿಂತ ಒಳಹೊಗುವ ದಾರಿಯೇ ರೋಗಿಯನ್ನು ಹೆಚ್ಚು ಬಾಧಿಸುತ್ತಿತ್ತು.

ಈ ದಾರಿಯನ್ನು ಕಿರಿದುಮಾಡಿದವರು ಅಮೆರಿಕದ ಸೇಂಟ್ ಲೂಯಿಯ ರಾಲ್ಫ್ ಕ್ಲೇಮನ್ ಮತ್ತು ಅವರ ಸಂಗಡಿಗರು. 1990ರ ಜೂನ್ 25ರಂದು ಸುಮಾರು ಏಳು ಗಂಟೆಗಳ ಕಾಲ ಶ್ರಮಿಸಿ, ವೃದ್ಧೆಯೊಬ್ಬಳ ರೋಗಗ್ರಸ್ತ ಮೂತ್ರಪಿಂಡವನ್ನು ಸಣ್ಣ ರಂಧ್ರಗಳ ಮೂಲಕವೇ ಅವರು ಹೊರತೆಗೆದರು. ಕ್ರಮ ಹೀಗೆ: ಇಂಗಾಲದ ಡೈ ಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ, ಒಂದು ರಂಧ್ರದಿಂದ ದೀಪವೂ ಕ್ಯಾಮರಾ ಕಣ್ಣೂ ಉಳ್ಳ ನಳಿಗೆ, ಉಳಿದವುಗಳಿಂದ ನೀಳವಾದ ಉಪಕರಣಗಳು ಒಳಹೋಗುತ್ತವೆ, ಪರದೆಯನ್ನು ನೋಡುತ್ತ ರಕ್ತನಾಳಗಳನ್ನೂ ಮೂತ್ರನಾಳವನ್ನೂ ಭದ್ರಪಡಿಸಿ ಕತ್ತರಿಸುತ್ತಾರೆ. ನಮ್ಮ ದೇಶವೂ ಹಿಂದೆ ಉಳಿಯಲಿಲ್ಲ. ಮುಂಬಯಿಯ ಡಾಕ್ಟರ್ ಗೌರ್ ಅವರು ಕೈಗವಸಿನ ಬೆರಳನ್ನು ಕೊಳವೆಗೆ ಕಟ್ಟಿ, ಬೆನ್ನ ಕಡೆಯಿಂದ ಒಳಗಿಟ್ಟು ಬಲೂನಿನಂತೆ ಊದಿ, ಮೂತ್ರಪಿಂಡದ ಬಳಿ ಕೆಲಸಕ್ಕೆ ಎಡೆಮಾಡಿಕೊಳ್ಳುವ ಉಪಾಯವನ್ನು 1992ರಲ್ಲಿ ಪ್ರಕಟಿಸಿದರು.

ದಾನಿಯ ಮೂತ್ರಪಿಂಡದ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ರೋಗದ ಅಂಗವನ್ನು ಚೂರುಮಾಡಿಯೂ ತೆಗೆಯಬಹುದು; ಇದಾದರೋ ಇಡಿಯಾಗಿ, ಜೀವಂತವಾಗಿ ಹೊರಬರಬೇಕು. ಆದ್ದರಿಂದ ಕೊನೆಗೆ ಕೆಳಹೊಟ್ಟೆಯಲ್ಲಿ ನಾಲ್ಕು ಬೆರಳಗಲದ ಕೊಯ್ತವೊಂದು ಅನಿವಾರ್ಯ. ನಮಗೆ ನೆರೆಯ ವೆಲ್ಲೂರಿನಲ್ಲಿ 1971ರಲ್ಲಿಯೇ ಮೂತ್ರಪಿಂಡದ ಕಸಿ ಯಶಸ್ವಿಯಾಗಿತ್ತಾದರೂ, ದಾನಿಗೆ ಈ ಸುಲಭ ಮಾರ್ಗ ಒದಗಿದ್ದು 1995ರಲ್ಲಿ, ಬಾಲ್ಟಿಮೋರಿನಲ್ಲಿ. ಅಪಾಯವೇ ಇಲ್ಲವೆನ್ನುವಂತಿಲ್ಲ, ರಕ್ತ ನಿಲ್ಲದಿದ್ದರೆ ಹಳೆಯ ಹಾದಿಯನ್ನೇ ಹಿಡಿಯಬೇಕಾಗುತ್ತದೆ.

ಆ ತಾಯಿ ಕೆಲವೇ ದಿನಗಳಲ್ಲಿ ಮನೆಗೆ ಬಂದರು. ಮಗನ ಸುತ್ತ ಬಂಧುಗಳು ನೆರೆದರು. ಎರಡು ವಾರ ಕಳೆದಿರಲಿಲ್ಲ. ಬೆಳಿಗ್ಗೆ ನಲ್ಲಿಯ ಬಳಿ ಆಕೆ ತುಂಬಿದ ಕೊಡಕ್ಕೆ ಕೈಯಿಕ್ಕುತ್ತಿದ್ದುದನ್ನು ಕಂಡು ಗಾಬರಿಯಿಂದ ತಡೆದೆ. ಭಾರ ಎತ್ತಬಾರದೆಂದು ವೈದ್ಯರು ಹೇಳಿರಲಿಲ್ಲವೇ? ಆಕೆ ನಕ್ಕರು. “ಗಾಯವೇ ಕಾಣುವುದಿಲ್ಲವಲ್ಲ ಮೇಷ್ಟ್ರೇ! ಮನೆಯವರಿಗೆ ಮರೆತೇಹೋಗಿದೆ.”

ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಮೂತ್ರಪಿಂಡವನ್ನು ಕೊಡುವವರಲ್ಲಿ ಹೆಂಗಸರೇ ಹೆಚ್ಚು. ವಿಜ್ಞಾನ ಅವರ ನೋವನ್ನು ಇಳಿಸಿತು. ಅದು ದೊಡ್ಡ ಉಪಕಾರ. ಆದರೆ ಉಳಿದ ಒಂದೇ ಮೂತ್ರಪಿಂಡ ಆಯುಷ್ಯವಿಡೀ ಎರಡರ ಹೊರೆಯನ್ನು ಹೊರಬೇಕು. ರಕ್ತದೊತ್ತಡವನ್ನೂ ಮೂತ್ರವನ್ನೂ ವರ್ಷವರ್ಷವೂ ಪರೀಕ್ಷಿಸಬೇಕು. ಗಾಯ ಕಿರಿದಾಯಿತೆಂದು ಕೊಟ್ಟದ್ದು ಕಿರಿದಾಗಲಿಲ್ಲ. ಆ ದಿನ ಕೊಡವನ್ನು ನಾನೇ ಎತ್ತಿದೆ; ಸಂಜೆ ಅವರ ಮಗನನ್ನು ಕರೆದು ಈ ಮಾತನ್ನೆಲ್ಲ ಹೇಳಿದೆ. ಅವನು ತಲೆತಗ್ಗಿಸಿ ಕೇಳಿದ. ಮರುದಿನದಿಂದ ನಲ್ಲಿಯ ಬಳಿ ಸೊಸೆ ನಿಂತಿದ್ದಳು.